ತೊಯ್ದ ಕೌದಿ

೯ ಡಿಸೆಂಬರ್, ಮಂಗಳವಾರ

ಇವತ್ತೂ ಕೌದಿ ತೊಯ್ದಿದೆ. ಹೊರಗೆ ಕೊರೆಯುವ ಚಳಿ, ಇವರ ಬೆನ್ನು ಮಾತ್ರ ಆಗಷ್ಟೇ ಹುಟ್ಟಿದ ಕುರಿಮರಿಯಂತೆ ಹಸಿ. ಅಂಗಿ ಬದಲಿಸಿದೆ. ಅದೂ ಒದ್ದೆ.

ಬೆಳಗಾದರೆ ಅತ್ತೆ ಇದೇ ಕೌದಿಯನ್ನು ಗೋಡೆಯ ಮೇಲೆ ಒಣಹಾಕಿ ಓಣಿಗೆಲ್ಲ ಸಾರುತ್ತಾರೆ: "ನಮ್ಮ ದಿಲೀಪಗ ಬೆವರ ಬಂತು, ಜ್ವರ ಬಿಡ್ತು." ಸಂಜೆಗೆ ಮತ್ತೆ ಏರುತ್ತದೆ. ದೀಪಾವಳಿಯಿಂದ ದಿನವೂ ಬಿಡುತ್ತಲೇ ಇದೆ, ಹಾಳಾದ್ದು! ಇವರ ಸೊಂಟದ ಉಡದಾರ ಸಡಿಲಾಗಿ ಕೆಳಗೆ ಜಾರುತ್ತಿದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲವೇ?

"ನಾಳಿ ಬೀದರ ದವಾಖಾನಿಗಿ ಹೋಗೂಣ್ರಿ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದು ಸಂಜೆ ಇವರ ಮುಂದೆ ಅತ್ತುಬಿಟ್ಟೆ.

ಜ್ವರದಲ್ಲಿ ನಡುಗುತ್ತಲೇ ಹೇಳಿದರು: "ಬೆವರಿದರ ಬಿಡ್ತದ ಅಂತ ಅವ್ವ ಹೇಳ್ಯಾಳಲ್ಲ. ಸುಮ್ಮ ಯಾಕ ಹೆದರ್ತಿ?"

ಈಗ ಇನ್ನೊಂದು ಅಂಗಿಗಾಗಿ ಟ್ರಂಕು ತೆರೆದ ಸಪ್ಪಳಕ್ಕೆ ಪಡಸಾಲೆಯಲ್ಲಿ ಅತ್ತೆಗೆ ಎಚ್ಚರವಾಯಿತು.

"ಬೆವರ್ಯಾನೇನ, ಸಿದ್ದಿ?"

"ಹೌದ್ರಿ. ಪೂರಾ ತೊಯ್ದಾರ."

"ಛಲೋ ಆತು ಬಿಡು," ಎಂದು ನಿರಾಳವಾಗಿ ಮಗ್ಗುಲಾದರು. ಆಗಲೇ ಗೊರಕೆ ಕೇಳುತ್ತಿದೆ.

ಟ್ರಂಕಿನಲ್ಲಿ ಒಣ ಅಂಗಿ ಇನ್ನೊಂದಿಲ್ಲ.