ಹಣಮಮ್ಮನ ಬಾಯಿ, ಬೆಂಗಳೂರಿನ ದನಿ

ವಾಡಿ
೧೪-೧೧-೧೯೭೬

ಚಿ. ಅಂಬರಾಯನಿಗೆ ನಿನ್ನ ಮಾಮಾ ಗೊಲ್ಲಾಳಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ದಸರೆಗೆ ಬಂದ ಕಾಗದಕ್ಕೆ ದೀಪಾವಳಿ ದಾಟಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಿನ್ನ ಸಿನಿಮಾಕ್ಕೆ ಏನೇನು ಹೋಯಿತೆಂದು ಕೂಡಿಸುತ್ತ ಕುಳಿತಿದ್ದೆ: ನನ್ನ ಎರಡು ಲಾರಿಗಳಲ್ಲಿ ಒಂದು, ನಿಮ್ಮಕ್ಕನ ಬಂಗಾರದ ಪಾಟಲಿ ಬಳೆ, ಫರಸಿ ಕಲ್ಲಿನ ವ್ಯಾಪಾರದಲ್ಲಿ ಒಂದು ಇಡೀ ಬೇಸಿಗೆ. ದುಃಖವಿಲ್ಲ, ಲಾರಿ ಹೇಗೂ ಮುದಿಯಾಗಿತ್ತು.

ಹೊಸ ಚಿತ್ರದಲ್ಲೂ ಅಕ್ಕ ನಟಿಸುತ್ತಾಳೇನು, ಕೇಳಿ ತಿಳಿಸಿರಿ ಎಂದು ಬರೆದಿದ್ದೀ. ಹಳೆಯದೇ ಅವಳಿಗಿನ್ನೂ ಮುಗಿದಿಲ್ಲ. ನಮ್ಮ ಕಲ್ಲುಗಣಿಗಳಲ್ಲಿ ಮಾಲೀಕನನ್ನು ನಿಜಾಮರ ಕಾಲದಿಂದಲೂ 'ಸರ್ಕಾರ' ಎಂದೇ ಕರೆಯುವುದು. ಚಿತ್ರದಲ್ಲಿ ಅವಳು, 'ಸರ್ಕಾರ, ನಮ್ಮ ಕೂಲಿ ಯಾಕ ನುಂಗ್ಲಿಕತ್ತೀರಿ?' ಎಂದಳು. ಸೆನ್ಸಾರ್ ಸಮಿತಿಗೆ ದಿಲ್ಲಿಯ ಸರ್ಕಾರವೇ ಕೂಲಿ ನುಂಗಿದಂತೆ ಕೇಳಿಸಿತು. ಆ ಸುದ್ದಿ ಹೇಳಲು ನೀನು ವಾಡಿಗೆ ಬಂದಾಗ ನಿಮ್ಮಕ್ಕ ನಕ್ಕುಬಿಟ್ಟಳು: 'ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡೀದಿ ತಮ್ಮಾ? ಸಾವ್ಕಾರ ಅಂತೀನಿ. ನಡಿ, ಈಗೇ ಬರ್ತೀನಿ.'

ನೀನು ಒಬ್ಬನೇ ಬೆಂಗಳೂರಿಗೆ ಹೋದೆ.

ಶಹಾಬಾದಿನ ಟಾಕೀಸಿನಲ್ಲಿ ಅವಳು ಪರದೆಯ ಮೇಲೆ ಬಾಯಿ ತೆರೆದಳು. ಬೇರೆ ಯಾರೋ ಹೆಂಗಸು ಮಾತಾಡಿದಳು: 'ಸಾಹುಕಾರರೇ, ನಮ್ಮ ಕೂಲಿಯನ್ನು ಏಕೆ ನುಂಗುತ್ತಿದ್ದೀರಿ?' ಮೊದಲಿನಿಂದ ಕೊನೆಯವರೆಗೂ ಅದೇ ದನಿ. ಪಕ್ಕದ ಮನೆಯ ಜಾನಬಿ, 'ಯಾ ಅಲ್ಲಾ! ಹಣಮಮ್ಮಾ, ಯಾರ ದನಿ ಇದು?' ಎಂದು ಕೂಗಿದಳು. ಟಾಕೀಸಿಗೆ ಟಾಕೀಸೇ ನಕ್ಕಿತು. 'ಸುಮ್ಮ ನೋಡವಾ, ಬಾಯಿ ನಂದೇ ಅದ' ಎಂದಳು ನಿಮ್ಮಕ್ಕ. ಸಮಿತಿಯವರು ದನಿಯನ್ನೇ ಒಪ್ಪಲಿಲ್ಲವೆಂದು ಆಮೇಲೆ ನೀನು ಬರೆದೆ. ನಂಬಿದೆವು.

ನಿನಗೆ ಸರ್ಕಾರಿ ಕಿರುಚಿತ್ರಗಳ ಕೆಲಸ ಸಿಕ್ಕಿದ್ದು ಒಳ್ಳೆಯದೇ. ಕಾಗಿಣಾ ಹೊಳೆದಂಡೆಯ ಅಂಬಿಗರ ಮೇಲೆ ಚಿತ್ರ ತೆಗೆಯುತ್ತೇನೆಂದಿದ್ದೆ. ಈಗ ಉಳಿತಾಯ ಯೋಜನೆಯ ಮೇಲೆ ತೆಗೆಯುತ್ತೀ. ಮೊದಲು ನೀನು ತೆಗೆದದ್ದನ್ನು ಅವರು ಕತ್ತರಿಸುತ್ತಿದ್ದರು. ಈಗ ಅವರು ಕತ್ತರಿಸಿ ಕೊಟ್ಟದ್ದನ್ನು ನೀನು ತೆಗೆಯುತ್ತೀ. ಫಿಲ್ಮಾದರೂ ಉಳಿಯುತ್ತದೆ.

ಅಕ್ಕನನ್ನು ಕೇಳಿದೆ. 'ಬರ್ತಾಳಂತ ಬರೀರಿ' ಎಂದಳು. 'ಮೂಕಿ ಪಾತ್ರ ಇದ್ರ ಕೊಡು ಅನ್ರಿ. ಸಮಿತಿಯವರಿಗೂ ತ್ರಾಸಿಲ್ಲ.'

ಊಟ-ನಿದ್ದೆ ಹೊತ್ತಿಗೆ ಸರಿಯಾಗಿರಲಿ. ದೇವರು ನಿನಗೆ ಆಯುಷ್ಯ ಕೊಡಲಿ.

ಇಂತು ನಿನ್ನ ಮಾಮಾ,
ಗೊಲ್ಲಾಳಪ್ಪ

ತಾ.ಕ.: ಕಳೆದ ವಾರ ಕಲ್ಲು ಇಳಿಸಲು ಬೆಂಗಳೂರಿಗೆ ಬಂದಿದ್ದೆ. ದನಿ ಮುದ್ರಿಸಿದ ಸ್ಟುಡಿಯೋಕ್ಕೂ ಹೋಗಿದ್ದೆ. ನಿನ್ನನ್ನು ಕಾಣದೇ ಹಿಂದಿರುಗಿದೆ. ಸಮಿತಿ ಬದಲಿಸಲು ಹೇಳಿದ್ದು ಒಂದೇ ಶಬ್ದವಂತೆ. 'ಈ ಭಾಷೆಯಲ್ಲಿ ಇನ್ನೂ ಏನೇನು ತಪ್ಪು ಹುಡುಕುತ್ತಾರೋ' ಎಂದು ಪೂರ್ತಿ ದನಿ ತೆಗೆಸಿದವನು ನೀನು. ಅವಳಿಗೆ ನಾನು ಹೇಳಿಲ್ಲ. ಅವಳನ್ನು ಕರೆದೊಯ್ಯಬೇಕೆಂದರೆ ನೀನೇ ಬಂದು ಹೇಳು. ಸದ್ಯಕ್ಕೆ ಸಮಿತಿಗೆ ಒಂದು ಶಬ್ದ ಸಿಕ್ಕಿತು. ನಿನಗೆ ನೌಕರಿ. ದನಿ ಕೊಟ್ಟ ಬೆಂಗಳೂರಿನಾಕೆಗೆ ಇನ್ನೆರಡು ಸಿನಿಮಾ. ನಿಮ್ಮಕ್ಕನಿಗೆ, ಬೈಯಲಿಕ್ಕೆ ಸಮಿತಿ.