ವ್ಯಾಯಾಮ ಮಾಡಿಸುವವರಿಗೆ

ಪ್ಲೆವೆನ್, ಬುಧವಾರ ಬೆಳಿಗ್ಗೆ

ಸಿಸ್ಟರ್ ದೆಸಿಸ್ಲಾವಾ ಅವರಿಗೆ,

ನಾಳೆ ನನ್ನ ತೋಳಿಗೆ ಅಂಟಿಸಿದ ನೋವು ತಗ್ಗಿಸುವ ಔಷಧಿಪಟ್ಟಿ ಬದಲಾಯಿಸಲು ದಿಂಬು ಸರಿಸಿದಾಗ ಈ ಚೀಟಿ ನಿಮಗೆ ಸಿಗುತ್ತದೆ. ಓದಿ ಚೀಲಕ್ಕೆ ಹಾಕಿಕೊಳ್ಳಿ. ನನ್ನ ಹೆಂಡತಿ ನೆವೆನಾಳ ಕಣ್ಣಿಗೆ ಬೀಳಬಾರದು.

ನೀವು ನನ್ನ ಕಾಲಿಗೆ ವ್ಯಾಯಾಮ ಮಾಡಿಸಲು ಬರುವವರೆಂದು ನೆವೆನಾ ಹೇಳಿದ್ದಾಳೆ. ಕೆಳಗಿನ ಮನೆಯ ಕಿರಿಲ್‌ನ ಕೊನೆಯ ಆರು ವಾರ ಅವನಲ್ಲಿಗೆ ಬರುತ್ತಿದ್ದವರೂ ನೀವೇ. ಮೆಟ್ಟಿಲ ಮೇಲೆ ನಿಮಗೆ ದಾರಿ ಬಿಟ್ಟವನು ನಾನು. ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಾಗಬಾರದು, ಅಷ್ಟೆ. ನಲವತ್ತು ವರ್ಷದಲ್ಲಿ ಅವಳಿಗೆ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಂದಿಲ್ಲ.

ನಿನ್ನೆ ಅಡುಗೆಮನೆಯಿಂದ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಬರೀ ಪಟ್ಟಿ ಅಂಟಿಸಿ ಹೋಗ್ತಾಳೆ ಕಣೇ, ಕಾಲು ಮುಟ್ಟೋದೇ ಇಲ್ಲ. ಇವರಿಗೆ ಅನುಮಾನ ಬಂದ್ರೆ ಏನಂತ ಹೇಳ್ಲಿ?" ಮೂರು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ.

ಆದ್ದರಿಂದ ಇದನ್ನು ಓದಿದ ಕೂಡಲೇ ನನ್ನ ಕಾಲು ಎತ್ತಿಸಿ. ನಾನು ಗೊಣಗುತ್ತೇನೆ, ನೀವು ಗದರಿಸಿ. ಬಾಗಿಲು ತೆರೆದೇ ಇರಲಿ. ಅವಳು ರೇಡಿಯೊ ಆರಿಸಿ ಕಿವಿಗೊಟ್ಟು ಕೂತಿರುತ್ತಾಳೆ. ಎರಡು ಸಲಕ್ಕಿಂತ ಹೆಚ್ಚು ನನ್ನ ಕೈಲಾಗದು. ನೀವು ಮಾತ್ರ ಹತ್ತರ ತನಕ ಜೋರಾಗಿ ಎಣಿಸಿ.

ಇಂತಿ,
ನಾಲ್ಕನೇ ಮಹಡಿಯ ಸ್ಟೊಯ್ಮೆನ್