ನಿಮ್ಮಮ್ಮನ ಸನ್ಮಾನ

ಡೆಲೇನಿ ಬೀದಿ, ಟೊಲಿಡೊ
ಅಕ್ಟೋಬರ್ ೧೪

ಮುದ್ದಿನ ಥೆರನ್,

ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ಆಫೀಸಿನ ಕುರ್ಚಿ ಬದಲಾಯಿಸು ಎಂದು ಬಡಕೊಂಡಿದ್ದೆ, ನೀನು ಬದಲಾಯಿಸಿರಲಾರೆ. ಬಿ.ಪಿ. ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮನಿಗೆ ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ಕಾಡುತ್ತದೆ. ಅಟ್ಲಾಂಟಾದಿಂದ ನೀನು ಕಳಿಸಿದ ಹೂಗುಚ್ಛ ಬಂತು. ಅಷ್ಟು ದೊಡ್ಡದನ್ನು ಇಡುವ ಹೂದಾನಿ ಮನೆಯಲ್ಲಿಲ್ಲ, ಸೂಪಿನ ಪಾತ್ರೆಯಲ್ಲಿ ನಿಲ್ಲಿಸಿದ್ದೇವೆ.

ನಮ್ಮ ಬೀದಿಯ ಉತ್ಸವ ಶುರುಮಾಡಿದ್ದಕ್ಕೆ ನಿಮ್ಮಮ್ಮನಿಗೆ ಶನಿವಾರ ಮಾಡಿದ ಸನ್ಮಾನ ಹೇಗಾಯಿತು ಎಂದು ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಚರ್ಚಿನಲ್ಲಿ ಮಾಡಿ ಎಂದು ನಿಮ್ಮಮ್ಮ ಆರ್ಡೆಲ್ಲಾ ಕೇಳಿಕೊಂಡಿದ್ದಳು. ಉತ್ಸವ ಸಮಿತಿಯವರು ಊರ ನಡುವಿನ ದೊಡ್ಡ ಸಭಾಂಗಣ ಹಿಡಿದಿದ್ದರು. ಮುಂದಿನ ಸಾಲುಗಳೆಲ್ಲ ದುಡ್ಡು ಕೊಟ್ಟ ಕಂಪನಿಗಳವರಿಗೆ. ಮೊದಲ ವರ್ಷದಿಂದ ಉತ್ಸವಕ್ಕೆ ಡೋಲು ಬಾರಿಸುತ್ತಿರುವ ನಮ್ಮ ಮುದುಕ ಹೊಸೇಯ, ಅವನ ಸಂಗಡಿಗರು, ಬೀದಿಯ ಹೆಂಗಸರು, ಎಲ್ಲರೂ ಹಿಂದೆ, ಬಾಗಿಲ ಬಳಿ. ನಾನು ಅವಳ ತಂಗಿಯಾದ ಪುಣ್ಯಕ್ಕೆ ಮುಂದೆ ಕೂತೆ.

ಒಬ್ಬ ಭಾಷಣಕಾರ ಮೊದಲ ಉತ್ಸವದ ಬಸ್ಸಿನ ಕಥೆ ಎತ್ತಿದ. ನಿನಗೆ ನೆನಪಿರಬೇಕು. ಕರಿಯರ ಚಿತ್ರ, ಕುಣಿತಗಳಿಗೆಲ್ಲ ಬೀದಿ ಮುಚ್ಚಲಾಗದು ಎಂದು ಪೊಲೀಸರು ಹೇಳಿದಾಗ, ನಿಮ್ಮಮ್ಮ ತಾನು ಓಡಿಸುತ್ತಿದ್ದ ಶಾಲಾ ಬಸ್ಸನ್ನೇ ಬೀದಿಗೆ ಅಡ್ಡ ನಿಲ್ಲಿಸಿ, ಬೀಗದ ಕೈ ಅಂಗಿಯೊಳಗೆ ಸಿಕ್ಕಿಸಿಕೊಂಡು, "ಕೆಟ್ಟು ನಿಂತಿದೆ ಸಾರ್, ನಾನೇನ್ ಮಾಡ್ಲಿ?" ಅಂದಿದ್ದಳು. ಅಂದು ಜಗಲಿ ಜಗಲಿಯಲ್ಲೂ ಕೌದಿಗಳು ತೂಗಿದವು, ಬಟ್ಟೆ ಒಣಹಾಕುವ ತಂತಿಯ ಮೇಲೆ ಚಿತ್ರಗಳು, ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಕವಿತೆ. ನೀನು ಆ ಬಸ್ಸಿನ ತಲೆಯ ಮೇಲೆ ಕೂತು ಕರಿದ ಮೀನು ತಿನ್ನುತ್ತಿದ್ದೆ. ಸಭೆ ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಿತು. ಆ ಬಸ್ಸಿಗಾಗಿ ಅವಳ ಕೆಲಸ ಹೋದದ್ದನ್ನು, ಆ ಚಳಿಗಾಲ ನೀವಿಬ್ಬರೂ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದನ್ನು ಯಾರೂ ಹೇಳಲಿಲ್ಲ.

ಆಮೇಲೆ ಉಡುಗೊರೆ ಬಂತು. ಏನು ಗೊತ್ತೇ? ತೂಗುಕುರ್ಚಿ! ಕೆಂಪು ರಿಬ್ಬನ್ ಕಟ್ಟಿದ್ದರು. ಅವಳನ್ನು ಅದರಲ್ಲಿ ಕೂರಿಸಿ, ಕಾಲ ಮೇಲೊಂದು ಶಾಲು ಹೊದಿಸಿ, ಫೋಟೋ ತೆಗೆದರು. ಅವಳು ಅದರಲ್ಲಿ ಕೂತಿರುವಾಗಲೇ ದೀಪ ಆರಿಸಿ ಒಂದು ಸಣ್ಣ ಚಿತ್ರ ತೋರಿಸಿದರು. ಮುಂದಿನ ವರ್ಷದಿಂದ ಉತ್ಸವ ನಮ್ಮ ಬೀದಿಯಲ್ಲಿ ಇಲ್ಲವಂತೆ. ನದಿ ದಂಡೆಯ ಹೊಸ ಉದ್ಯಾನದಲ್ಲಂತೆ. ಸುತ್ತ ಬೇಲಿ, ಬಾಗಿಲಲ್ಲಿ ಟಿಕೆಟ್ಟು. ಅದರಲ್ಲಿ ತೋರಿಸಿದ ಬಣ್ಣದ ನಕ್ಷೆಯಲ್ಲಿ ಅಡ್ಡಾಡುವ ಜನರ ನಡುವೆ ನಮ್ಮ ಬಣ್ಣದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಡೋಲು ಹೊತ್ತವನು ಒಬ್ಬ ಸಿಕ್ಕಿದ.

ನಾನು ನಿಮ್ಮಮ್ಮನ ಮುಖ ನೋಡಿದೆ. ಒಂದು ಗೆರೆಯೂ ಕದಲಲಿಲ್ಲ. ಪಾಪ, ಆಘಾತವಾಗಿದೆ ಅಂದುಕೊಂಡೆ. ಅಷ್ಟರಲ್ಲಿ ಹೊಸೇಯ ಹಿಂದಿನಿಂದ ಕೂಗಿದ: "ಏ ಆರ್ಡೆಲ್ಲಾ! ಬೇಲಿ ಯಾರಿಗಂತೆ ಕೇಳು! ನಮ್ಮನ್ನ ಒಳಗಿಡೋಕೋ, ಹೊರಗಿಡೋಕೋ?" ಸಮಿತಿಯ ಹಿರಿಯ ರೇನಿ ಮೈಕು ಹಿಡಿದು, "ಪ್ರಶ್ನೆಗೆಲ್ಲ ಇದು ಸಮಯ ಅಲ್ಲ ಕಣಯ್ಯ, ಇದು ಸಂತೋಷದ ಗಳಿಗೆ" ಅಂದ. ಆರ್ಡೆಲ್ಲಾ ಶಾಲು ಪಕ್ಕಕ್ಕಿಟ್ಟು, ಕುರ್ಚಿಯ ತೋಳು ಊರಿಕೊಂಡು ಎದ್ದಳು. "ಹೊಸೇಯ ಕೇಳಿದ್ದನ್ನೇ ನಾನೂ ಕೇಳ್ತಿದ್ದೀನಿ. ಯಾರಾದ್ರೂ ಹೇಳಿ, ನಿಂತಿರ್ತೀನಿ" ಅಂದಳು. ರೇನಿ ಮೈಕನ್ನು ಪಕ್ಕದವನ ಕೈಗೆ ದಾಟಿಸಿದ. ಆಗ ಅವಳು, "ನನ್ನ ಮಗ ಬಂದಿಲ್ಲ, ಕೆಲಸ. ಅವನು ಇದ್ದಿದ್ರೆ ಉತ್ತರ ಹೇಳ್ತಿದ್ದ. ಆ ಬೀದೀಲೇ ಬೆಳೆದವನು" ಅಂದಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು, ನೋಡು. ಹೊಸೇಯ ಮತ್ತವನ ಸಂಗಡಿಗರು ಡೋಲು ಹೆಗಲಿಗೇರಿಸಿಕೊಂಡು ಹೊರಟೇ ಹೋದರು. ಕೊನೆಗೆ ಬಾರಿಸಬೇಕಿದ್ದವರು ಅವರೇ. ಸಮಿತಿಯವರು ಎಲ್ಲಿಂದಲೋ ಡೋಲಿನ ರೆಕಾರ್ಡು ಹುಡುಕಿ ಹಾಕಿದರು.

ಕೇಕು ಹಂಚುವಾಗ ರೇನಿ ನನ್ನ ಪಕ್ಕ ಬಂದು ನಿಂತ. ಮುಖವೆಲ್ಲ ನಗು. "ನಿಮ್ಮ ಹುಡುಗ ಭಾರಿ ಬುದ್ಧಿವಂತ ಕಣ್ರೀ. ಈ ಯೋಜನೆ ಎಲ್ಲ ಅವನದ್ದೇ, ಬೇಲಿಯಿಂದ ಹಿಡಿದು. ಉದ್ಯಾನಗಳ ನಕ್ಷೆ ಬರಿಯೋದೇ ಅವನ ಕೆಲಸ ಅಲ್ವಾ? ಆದ್ರೆ ಅಮ್ಮನ ಎದುರು ನನ್ನ ಹೆಸರು ಎತ್ತಬೇಡಿ ಅಂದಿದ್ದ. ಎಷ್ಟು ವಿನಯ!" ಅಂದ. ನನ್ನ ಕೈಯಲ್ಲಿದ್ದ ಕೇಕನ್ನು ತಟ್ಟೆ ಸಮೇತ ಮೇಜಿನ ಮೇಲಿಟ್ಟು ಬಂದೆ.

ವಿನಯವೋ ಅದು, ಥೆರನ್? ಅವಳಿಗೆ ವಯಸ್ಸಾಯಿತು, ಬೀದಿ ಚಿಕ್ಕದಾಯಿತು, ಹಾಗಂತ ನಿನಗೆ ಅನಿಸಿದ್ದರೆ ಅವಳ ಅಡುಗೆಮನೆಯ ಮೇಜಿನೆದುರು ಕೂತು ಹೇಳಬಹುದಿತ್ತು. ಅವಳು ಬೈಯುತ್ತಿದ್ದಳು. ಬೈದು ಊಟಕ್ಕೆ ಹಾಕುತ್ತಿದ್ದಳು. ರೇನಿಯ ಮಾತನ್ನು ನಾನು ಅವಳಿಗೆ ಹೇಳಿಲ್ಲ. ಬೀದಿಯಲ್ಲಿ ಯಾರ ಬಾಯಿಂದಲೋ ಅವಳ ಕಿವಿಗೆ ಬೀಳುವ ಮೊದಲು ನೀನೇ ಬಂದು ಹೇಳು. ತೂಗುಕುರ್ಚಿ ಜಗಲಿಯ ಮೇಲಿದೆ, ಅವಳು ಅದರಲ್ಲಿ ಕೂರುವುದಿಲ್ಲ. ನೀನು ಬಂದರೆ ಕೂರಬಹುದು.

ದೇವರು ನಿನ್ನ ಬೆನ್ನನ್ನು ನೆಟ್ಟಗಿಡಲಿ.

ನಿನ್ನ ಚಿಕ್ಕಮ್ಮ,
ಕಾರ್ಲಿಸ್

ತಾ.ಕ.: ಕವರು ಅಂಟಿಸುವಷ್ಟರಲ್ಲಿ ನಿಮ್ಮಮ್ಮ ಬಂದಳು. "ಅವನಿಗೇನಾ ಬರೀತಿರೋದು?" ಅಂದಳು. ಹೂಂ ಅಂದೆ. "ರೇನಿ ನಿನ್ನ ಕಿವೀಲಿ ಊದಿದ್ದನ್ನ ಬರೀಬೇಡ ಕಣೇ. ನಂಗೆ ಈಸ್ಟರ್ ಹಬ್ಬದಲ್ಲೇ ಗೊತ್ತಾಯ್ತು. ಅವನಾಗಿ ಹೇಳ್ಲಿ ಅಂತ ಕಾಯ್ತಿದ್ದೀನಿ. ಪ್ರತಿ ಭಾನುವಾರ ಫೋನ್ ಮಾಡ್ತಾನೆ, ಅಲ್ಲಿ ಚಳಿ ಹೇಗಿದೆಯಮ್ಮಾ ಅಂತಾನೆ, ಇಟ್ಬಿಡ್ತಾನೆ" ಅಂದು ಒಳಗೆ ಹೋದಳು. ನಾನು ಬರೆದಾಗಿದೆ, ಕಾಗದ ಹರಿದುಹಾಕುವುದಿಲ್ಲ. ಈ ಭಾನುವಾರ ಅವಳನ್ನು ಚಳಿಯ ಬಗ್ಗೆ ಕೇಳಬೇಡ.